ಬೂದಿಯ ಮೇಲಿನ ಹಸಿರು: ಬೇಸಿಗೆಯ ಕ್ಷೇತ್ರ ಅಧ್ಯಯನವನ್ನು ತರಗತಿಗೆ ತರುವ ಬಗೆ

ಪರಿಸರ ವ್ಯವಸ್ಥೆಯ ಪಾಠವನ್ನು ನಮ್ಮಲ್ಲಿ ಬಹುತೇಕ ಪ್ರಶಿಕ್ಷಣಾರ್ಥಿಗಳು ಕೊಳದ ಚಿತ್ರದಿಂದ ಆರಂಭಿಸುತ್ತೇವೆ. ಉತ್ಪಾದಕರು, ಭಕ್ಷಕರು, ವಿಘಟಕರು, ನಡುವೆ ಬಾಣದ ಗುರುತುಗಳು, ಕೊನೆಗೆ ‘ಪರಿಸರ ಉಳಿಸೋಣ’ ಎಂಬ ಘೋಷಣೆ. ಈ ಪಾಠದಲ್ಲಿ ತಪ್ಪೇನೂ ಇಲ್ಲ. ಆದರೆ ಶಕ್ತಿನಗರ, ದೇವಸೂಗೂರು ಸುತ್ತಲಿನ ಶಾಲೆಗಳ ಮಕ್ಕಳು ಕಣ್ಣಾರೆ ಕಂಡು ಬೆಳೆದದ್ದು ಆ ಕೊಳವನ್ನಲ್ಲ. ಅವರು ಕಂಡದ್ದು ಚಿಮಣಿ, ಬೂದಿ ಲಾರಿ, ಬೇಸಿಗೆಯಲ್ಲಿ ಬಂಡೆಗಳಷ್ಟೇ ಕಾಣುವ ಕೃಷ್ಣೆ, ರಸ್ತೆಯ ಎರಡೂ ಬದಿಗೆ ಬೆಳೆದ ಬಳ್ಳಾರಿ ಜಾಲಿ. ಕದಡಿದ ಪರಿಸರ ವ್ಯವಸ್ಥೆ ಎಂದರೇನು, ಅದು ಹೇಗೆ ಚೇತರಿಸಿಕೊಳ್ಳುತ್ತದೆ, ಚೇತರಿಸಿಕೊಂಡಿದೆ ಎಂದು ಯಾವ ಆಧಾರದ ಮೇಲೆ ಹೇಳಬೇಕು ಎಂಬುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಜಾಗವನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಬಿಎಸ್ಸಿಯಲ್ಲಿ ಬೇಸಿಗೆಯ ಕ್ಷೇತ್ರ ಅಧ್ಯಯನವಾಗಿ ನಾವು ಕಲಿತ ವಿಧಾನಗಳನ್ನು 8, 9, 10ನೇ ತರಗತಿಯ ಮಕ್ಕಳ ಕೈಗೆ ಎಟಕುವಂತೆ ಮಾಡುವುದು ಹೇಗೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಇಂಟರ್ನ್‌ಶಿಪ್ ದಿನಗಳಲ್ಲಿ 9ನೇ ತರಗತಿಯ ಹುಡುಗನೊಬ್ಬ ಕೇಳಿದ ಪ್ರಶ್ನೆಯಿಂದಲೇ ಹೊರಡಬಹುದು: “ಮಿಸ್, ಬೂದಿ ಮ್ಯಾಲ ಜಾಲಿ ಬೆಳದದಲ್ರಿ. ಅಂದ್ರ ನೆಲ ಸುಧಾರಿಸ್ಯದಲ್ರಿ?” ಪಠ್ಯಪುಸ್ತಕದ ಯಾವ ಅಭ್ಯಾಸದಲ್ಲೂ ಇಲ್ಲದ ಪ್ರಶ್ನೆ ಇದು. ಉತ್ತರ ಹೌದೂ ಅಲ್ಲ, ಇಲ್ಲವೂ ಅಲ್ಲ, ಎಣಿಸಿ ನೋಡಬೇಕು.

ಮೊದಲು ಬೂದಿಯ ಲೆಕ್ಕ. ಕರ್ನಾಟಕ ವಿದ್ಯುತ್ ನಿಗಮದ ರಾಯಚೂರು ಶಾಖೋತ್ಪನ್ನ ಸ್ಥಾವರ, ಅಂದರೆ ನಮ್ಮೆಲ್ಲರ ಬಾಯಲ್ಲಿ ಆರ್‌ಟಿಪಿಎಸ್, 1985ರಲ್ಲಿ ಮೊದಲ ಘಟಕದೊಂದಿಗೆ ವಿದ್ಯುತ್ ಉತ್ಪಾದನೆ ಶುರುಮಾಡಿತು. ಇಂದು 210 ಮೆಗಾವಾಟಿನ ಏಳು ಮತ್ತು 250 ಮೆಗಾವಾಟಿನ ಒಂದು, ಹೀಗೆ ಎಂಟು ಘಟಕಗಳಿಂದ ಅದರ ಒಟ್ಟು ಸಾಮರ್ಥ್ಯ 1720 ಮೆಗಾವಾಟ್. ಭಾರತದ ಕಲ್ಲಿದ್ದಲಿನಲ್ಲಿ ಬೂದಿಯ ಪಾಲು ಹೆಚ್ಚು, ಸಾಮಾನ್ಯವಾಗಿ ನೂರಕ್ಕೆ 30ರಿಂದ 45. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಉರಿಯುತ್ತದೆ ಎಂದಿಟ್ಟುಕೊಂಡರೆ ಹೆಚ್ಚುಕಡಿಮೆ ಕಾಲು ಕಿಲೋ ಬೂದಿ ಉಳಿಯುತ್ತದೆ. ಮಕ್ಕಳಿಗೆ ಮನೆಯ ಜೆಸ್ಕಾಂ ಬಿಲ್ಲು ತರಲು ಹೇಳಿ. ಗೃಹಜ್ಯೋತಿ ಬಂದ ಮೇಲೆ ಕಟ್ಟಬೇಕಾದ ಹಣದ ಜಾಗದಲ್ಲಿ ಸೊನ್ನೆ ಇರಬಹುದು, ಯೂನಿಟ್ಟಿನ ಜಾಗದಲ್ಲಿ ಸೊನ್ನೆ ಇರುವುದಿಲ್ಲ. ತಿಂಗಳಿಗೆ 100 ಯೂನಿಟ್ ಬಳಸಿದ ಮನೆಯವರು, ಅದಷ್ಟೂ ಕಲ್ಲಿದ್ದಲಿನಿಂದಲೇ ಬಂದಿದ್ದರೆ, ಅರ್ಧ ಚೀಲ ಸಿಮೆಂಟಿನ ತೂಕದಷ್ಟು ಬೂದಿಗೆ ಪಾಲುದಾರರು. (ನಮ್ಮ ರಾಜ್ಯದ ವಿದ್ಯುತ್ತಿನಲ್ಲಿ ಜಲವಿದ್ಯುತ್, ಸೌರ, ಗಾಳಿಯ ಪಾಲೂ ಇದೆ ಎಂಬುದನ್ನು ಇಲ್ಲಿ ಹೇಳಲೇಬೇಕು.) ಈ ಲೆಕ್ಕವನ್ನು ಪಾಠದ ಆರಂಭದಲ್ಲೇ ಇಡುವುದಕ್ಕೆ ಕಾರಣವಿದೆ, ಅದನ್ನು ಮುಂದೆ ಹೇಳುತ್ತೇನೆ.

ಈ ಬೂದಿಯಲ್ಲಿ ಒಂದು ಭಾಗ ಒಣದಾಗಿಯೇ ಸಿಮೆಂಟಿಗೂ ಹಾರುಬೂದಿ ಇಟ್ಟಿಗೆಗೂ ಹೋಗುತ್ತದೆ. ಉಳಿದದ್ದನ್ನು ನೀರಿನಲ್ಲಿ ಕಲಸಿ ಕೊಳವೆಗಳ ಮೂಲಕ ಹೊಂಡಕ್ಕೆ ಬಿಡುತ್ತಾರೆ. ನೀರು ಇಂಗಿ, ಆರಿ, ಬೂದಿ ಪದರ ಪದರವಾಗಿ ಕೂಡುತ್ತದೆ. ನೋಡಲು ಇದು ನುಣುಪಾದ ಬೂದು ಮಣ್ಣಿನಂತೆಯೇ ಕಾಣುತ್ತದೆ. ಆದರೆ ಮಣ್ಣು ಮತ್ತು ಬೂದಿಯ ವ್ಯತ್ಯಾಸವೇ ಈ ಪಾಠದ ತಿರುಳು. ಬೂದಿಯಲ್ಲಿ ಸಿಲಿಕಾ, ಅಲ್ಯೂಮಿನಾ, ಕಬ್ಬಿಣದ ಆಕ್ಸೈಡು ಇವೆ. ಪೊಟ್ಯಾಸಿಯಂ, ಕ್ಯಾಲ್ಸಿಯಂಗಳೂ ಇವೆ. ಇಲ್ಲದಿರುವುದು ಸಾರಜನಕ, ಏಕೆಂದರೆ ಅದು ಕುಲುಮೆಯಲ್ಲೇ ಅನಿಲವಾಗಿ ಹೋಗಿಬಿಟ್ಟಿರುತ್ತದೆ. ಕೊಳೆತ ಎಲೆ ಬೇರುಗಳ ಅಂಶವಿಲ್ಲ. ಎರೆಹುಳುವಿಲ್ಲ, ಬ್ಯಾಕ್ಟೀರಿಯಾ ಶಿಲೀಂಧ್ರಗಳು ಇಲ್ಲವೆನ್ನುವಷ್ಟು ಕಡಿಮೆ. ಮತ್ತು ಹಳೆಯ ಹೊಲದ ಮಣ್ಣಿನಲ್ಲಿ ಯಾವಾಗಲೂ ಇರುವ, ಆದರೆ ನಾವು ಎಂದೂ ಗಮನಿಸದ ಒಂದು ವಸ್ತುವೂ ಇಲ್ಲ: ಮಲಗಿರುವ ಬೀಜಗಳು.

ಪ್ರಾಥಮಿಕ ಮತ್ತು ದ್ವಿತೀಯಕ ಅನುಕ್ರಮಣ ಎಂದು ಪದವಿಯಲ್ಲಿ ಬಾಯಿಪಾಠ ಮಾಡಿದ ವ್ಯತ್ಯಾಸ ಇಲ್ಲಿ ಅರ್ಥವಾಗುತ್ತದೆ. ಪರಿಸರ ವಿಜ್ಞಾನದಲ್ಲಿ ಕ್ಷೋಭೆ ಎಂದರೆ ಒಂದು ಜಾಗದ ಜೀವಿಗಳ ವ್ಯವಸ್ಥೆಯನ್ನು ಕದಡಿಬಿಡುವ ಘಟನೆ. ಬೆಂಕಿ, ನೆರೆ, ಕೊಡಲಿ, ನೇಗಿಲು, ಗಣಿ ಎಲ್ಲವೂ ಕ್ಷೋಭೆಗಳೇ. ಆದರೆ ಕದಡಿದ ಮೇಲೆ ಏನು ಉಳಿದಿದೆ ಎಂಬುದು ಕದಡಿದ್ದು ಏನು ಎಂಬುದಕ್ಕಿಂತ ಮುಖ್ಯ. ಮಾನ್ವಿ ಕಡೆಯ ಎರಿ ಹೊಲವೊಂದನ್ನು ಎರಡು ವರ್ಷ ಬೀಳು ಬಿಟ್ಟರೆ ಮುಂಗಾರಿನ ನಾಲ್ಕು ಹದ ಮಳೆಗೆ ಕರಿಕಿ, ಜೇಕು, ಕಾಂಗ್ರೆಸ್ ಹುಲ್ಲು ಎದ್ದು ನಿಲ್ಲುತ್ತವೆ. ಮಣ್ಣು ಉಳಿದಿದೆ, ಬೀಜ ಉಳಿದಿದೆ. ಅದು ದ್ವಿತೀಯಕ ಅನುಕ್ರಮಣ. ಬೂದಿಯ ಮೇಲೆ ಎಲ್ಲವೂ ಹೊರಗಿನಿಂದಲೇ ಬರಬೇಕು: ಬೀಜ ಗಾಳಿಯಲ್ಲೋ ಮೇಕೆಯ ಹಿಕ್ಕೆಯಲ್ಲೋ, ಸಾರಜನಕ ಯಾವುದಾದರೂ ದ್ವಿದಳ ಸಸ್ಯದ ಬೇರಿನ ಗಂಟಿನಲ್ಲಿ.

ಬೂದಿಯ ಮೇಲೆ ಜೀವ ಮರಳುವುದನ್ನು ಜಗತ್ತಿನಲ್ಲಿ ಅತ್ಯಂತ ತಾಳ್ಮೆಯಿಂದ ನೋಡಿದ ಜಾಗವೊಂದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿದೆ. ಅಲ್ಲಿಯ ಬೂದಿ ಕಲ್ಲಿದ್ದಲಿನದಲ್ಲ, ಜ್ವಾಲಾಮುಖಿಯದು. 1980ರ ಮೇ 18ರಂದು ಸೇಂಟ್ ಹೆಲೆನ್ಸ್ ಪರ್ವತ ಸಿಡಿದು ಸುತ್ತಲ ಕಾಡನ್ನು ನೆಲಸಮ ಮಾಡಿತು. ಬಿಸಿ ಬೂದಿ, ಪ್ಯೂಮಿಸ್ ಕಲ್ಲು ಹಾಸಿದ ಬಯಲಿನಲ್ಲಿ ಕೆಲವೇ ವರ್ಷಗಳಲ್ಲಿ ಮೊದಲು ನೆಲೆಯೂರಿದ್ದು ಲೂಪಿನ್ ಎಂಬ ಪುಟ್ಟ ದ್ವಿದಳ ಸಸ್ಯ. ನಮ್ಮ ತೊಗರಿ, ಹೆಸರಿನ ಕುಲದ್ದೇ. ಗಾಳಿಯ ಸಾರಜನಕವನ್ನು ಬೇರಿಗೆ ಕಟ್ಟುವ ಶಕ್ತಿ ಇದ್ದುದರಿಂದ ಬರಿ ಬೂದಿಯಲ್ಲಿ ಅದು ಬದುಕಿತು, ಸತ್ತು ಕೊಳೆತು ಬೇರೆಯವಕ್ಕೆ ಗೊಬ್ಬರವಾಯಿತು. ಬೂದಿ ತೆಳುವಾಗಿ ಬಿದ್ದ ಕಡೆಗಳಲ್ಲಿ ಇನ್ನೊಂದು ಸಂಗತಿ ನಡೆಯಿತು. ಬಿಲದೊಳಗಿದ್ದು ಬದುಕಿ ಉಳಿದ ಗೋಫರ್ ಎಂಬ ಹೆಗ್ಗಣದಂಥ ಪ್ರಾಣಿಗಳು ಅಡಿಯ ಹಳೆಯ ಮಣ್ಣನ್ನು ತೋಡಿ ಮೇಲೆ ತಂದು ಹಾಕಿದವು, ಸಸಿಗಳು ಆ ಗುಪ್ಪೆಗಳ ಮೇಲೆ ಮೊಳೆತವು. ನಮ್ಮ ದೇಶದ ಬೂದಿ ಹೊಂಡಗಳಲ್ಲಿ ಮನುಷ್ಯರು ಮಾಡುತ್ತಿರುವುದೂ ಹೆಚ್ಚುಕಡಿಮೆ ಇದನ್ನೇ. ಮೇಲ್ಮಣ್ಣು ಹರಡುತ್ತಾರೆ, ತಿಪ್ಪೆಗೊಬ್ಬರ ಹಾಕುತ್ತಾರೆ, ದ್ವಿದಳ ಗಿಡ ನೆಡುತ್ತಾರೆ. ದೆಹಲಿಯ ಬದರ್‌ಪುರ ಸ್ಥಾವರದ ಬೂದಿಯ ಮೇಲೆ ಟೆರಿ ಸಂಸ್ಥೆಯವರು ಬೇರಿನೊಂದಿಗೆ ಕೂಡಿ ಬಾಳುವ ಮೈಕೊರೈಜಾ ಶಿಲೀಂಧ್ರ ಕೊಟ್ಟು ಗಿಡ ಬೆಳೆಸಿದರು.

ಹಾಗಾದರೆ ಬಳ್ಳಾರಿ ಜಾಲಿ? ಅದೂ ದ್ವಿದಳ ಕುಲದ್ದೇ, ಸಾರಜನಕ ಕಟ್ಟುತ್ತದೆ, ಉಪ್ಪು ನೆಲಕ್ಕೂ ಬರಕ್ಕೂ ಜಗ್ಗುವುದಿಲ್ಲ. ಮೂಲದಲ್ಲಿ ಮೆಕ್ಸಿಕೊ, ಮಧ್ಯ ಅಮೆರಿಕ ಕಡೆಯ ಗಿಡ. 1870ರ ದಶಕದಲ್ಲಿ ಭಾರತಕ್ಕೆ ತಂದದ್ದು. ದೇವದುರ್ಗದ ಕಲ್ಲುಗುಡ್ಡಗಳ ಮೇಲೂ ಅದೇ, ಕಾಲುವೆ ದಂಡೆಗೂ ಅದೇ, ಬೂದಿಗೂ ಅದೇ. ಕಾಯಿ ಮೇಕೆಗೆ ಮೇವು, ಕಟ್ಟಿಗೆ ಒಲೆಗೆ, ಇದ್ದಿಲು ಮಾರಾಟಕ್ಕೆ. ಅದನ್ನೇ ನಂಬಿದ ಮನೆಗಳು ನಮ್ಮ ತಾಲ್ಲೂಕುಗಳಲ್ಲಿ ಕಡಿಮೆಯಿಲ್ಲ. ಆದ್ದರಿಂದ ತರಗತಿಯಲ್ಲಿ ಅದನ್ನು ರಾಕ್ಷಸ ಮಾಡಿ ನಿಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಅದರ ಉದುರೆಲೆಯಲ್ಲಿ ಇತರ ಸಸ್ಯಗಳ ಮೊಳಕೆಯನ್ನು ತಡೆಯುವ ರಾಸಾಯನಿಕಗಳಿವೆ, ಗುಂಪಾಗಿ ಬೆಳೆದಾಗ ನೆರಳಿನಲ್ಲಿ ಹುಲ್ಲನ್ನೂ ಏಳಗೊಡುವುದಿಲ್ಲ. ಮಣ್ಣಿಗೆ ಸಾರಜನಕ ಬಂತು, ಉಣ್ಣಲು ಬೇರೆ ಗಿಡ ಬರಲಿಲ್ಲ ಎಂಬಂಥ ಸ್ಥಿತಿ.

ಇದು ಬರಿಯ ಪಾಂಡಿತ್ಯದ ಪ್ರಶ್ನೆಯಲ್ಲ. ಹಾರುಬೂದಿ ಬಳಕೆಯ ಬಗ್ಗೆ ಕೇಂದ್ರ ಪರಿಸರ ಸಚಿವಾಲಯ 1999ರಿಂದ ಅಧಿಸೂಚನೆಗಳನ್ನು ಹೊರಡಿಸುತ್ತಾ ಬಂದಿದೆ. 2021ರ ಡಿಸೆಂಬರ್ 31ರ ಅಧಿಸೂಚನೆ ಹೊಸ ಬೂದಿಯನ್ನು ಪೂರ್ತಿ ಬಳಸಬೇಕು, ಹೊಂಡಗಳಲ್ಲಿ ಕೂತಿರುವ ಹಳೆಯ ಬೂದಿಯನ್ನು ಹತ್ತು ವರ್ಷಗಳಲ್ಲಿ ಹಂತಹಂತವಾಗಿ ಖಾಲಿ ಮಾಡಬೇಕು ಎನ್ನುತ್ತದೆ. ಹೊಂಡ ಸ್ಥಿರಗೊಂಡು, ಹಸಿರು ಪಟ್ಟಿ ಅಥವಾ ನೆಡುತೋಪಿನಿಂದ ನೆಲ ಸುಧಾರಿಸಿದೆ ಎಂದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಪ್ರಮಾಣೀಕರಿಸಿದರೆ ಅಲ್ಲಿಯ ಹಳೆಯ ಬೂದಿಗೆ ವಿನಾಯಿತಿಯೂ ಉಂಟು. ಅಂದರೆ ಯಾವ ಹಸಿರನ್ನು ಸುಧಾರಣೆ ಎಂದು ಕರೆಯಬೇಕು ಎಂಬುದರ ಮೇಲೆ ಬೂದಿ ಅಲ್ಲೇ ಉಳಿಯುತ್ತದೋ ಹೋಗುತ್ತದೋ ಎಂಬುದು ನಿಂತಿದೆ. 9ನೇ ತರಗತಿಯ ಹುಡುಗನ ಪ್ರಶ್ನೆಯೂ ಸರ್ಕಾರಿ ಕಡತದ ಪ್ರಶ್ನೆಯೂ ಒಂದೇ.

ಎಣಿಸುವ ವಿಧಾನ ಸರಳ. ಒಂದು ಮೀಟರ್ ಉದ್ದದ ನಾಲ್ಕು ಕೋಲುಗಳನ್ನು ಕಟ್ಟಿ ಚೌಕ ಮಾಡಿಕೊಳ್ಳಿ. ಕಾಲೇಜಿನಲ್ಲಿ ಇದನ್ನು ಕ್ವಾಡ್ರಾಟ್ ಎನ್ನುತ್ತೇವೆ, ಮಕ್ಕಳಿಗೆ ಚೌಕವೇ ಸಾಕು. ಐವತ್ತು ಮೀಟರ್ ಹಗ್ಗ ಎಳೆದು, ಪ್ರತಿ ಐದು ಮೀಟರಿಗೆ ಒಮ್ಮೆ ಚೌಕವಿಟ್ಟು, ಒಳಗಿನ ಗಿಡಗಳನ್ನು ಜಾತಿವಾರು ಎಣಿಸಿ ಬರೆಯಬೇಕು. ಹಗ್ಗ ಏಕೆ ಎಂದರೆ, ಅದಿಲ್ಲದಿದ್ದರೆ ಎಲ್ಲರ ಕೈಯೂ ಚೌಕವನ್ನು ಗಿಡ ಚೆನ್ನಾಗಿರುವ ಕಡೆಗೇ ಇಡುತ್ತದೆ. ಬೂದಿ ಹೊಂಡದ ಒಳಗೆ, ಏರಿಯ ಮೇಲೆ ಮಕ್ಕಳನ್ನು ಕರೆದೊಯ್ಯಲೇಬಾರದು. ಮೇಲೆ ಗಟ್ಟಿಯಾಗಿ ಕಂಡರೂ ಒಳಗೆ ಕೆಸರಿರುತ್ತದೆ. ಶಾಲೆಯ ಹಿಂದಿನ ಖಾಲಿ ಜಾಗ, ರಸ್ತೆ ಬದಿ, ಬಿಟ್ಟುಹೋದ ಇಟ್ಟಿಗೆ ಅಂಗಳ, ಒಂದು ಬೀಳು ಹೊಲ ಸಾಕಷ್ಟಾಯಿತು. ಗಿಡದ ಹೆಸರಿಗಾಗಿ ಲ್ಯಾಟಿನ್ ಪುಸ್ತಕ ಹುಡುಕುವ ಮೊದಲು ಮಕ್ಕಳ ಅಜ್ಜಿಯರನ್ನು ಕೇಳಿ. ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಸೊಪ್ಪುಗಳನ್ನೆಲ್ಲ ಗುರುತಿಸುವ ಅಜ್ಜಿಗೆ ನಮ್ಮ ಪ್ರಯೋಗಾಲಯದ ಹರ್ಬೇರಿಯಂಗಿಂತ ಹೆಚ್ಚು ಗೊತ್ತಿರುತ್ತದೆ.

ಎಣಿಸಿದ್ದನ್ನು ಅರ್ಥ ಮಾಡಿಕೊಳ್ಳಲು ಎಡ್ವರ್ಡ್ ಸಿಂಪ್ಸನ್ 1949ರಲ್ಲಿ ಸೂಚಿಸಿದ ಉಪಾಯ ಹೈಸ್ಕೂಲಿಗೆ ಹೇಳಿ ಮಾಡಿಸಿದಂತಿದೆ. ಉದಾಹರಣೆಗೆ ಎರಡು ಕಲ್ಪಿತ ಜಾಗಗಳನ್ನು ತೆಗೆದುಕೊಳ್ಳೋಣ. ಎರಡರಲ್ಲೂ 40 ಗಿಡಗಳಿವೆ, ದೂರದಿಂದ ಎರಡೂ ಅಷ್ಟೇ ಹಸಿರು. ಮೊದಲನೆಯದರಲ್ಲಿ 37 ಜಾಲಿ ಸಸಿ, ಉಳಿದ ಮೂರು ಜಾತಿಯ ಒಂದೊಂದು ಗಿಡ. ಎರಡನೆಯದರಲ್ಲಿ ಎಂಟು ಜಾತಿ, ತಲಾ ಐದು. ಕಣ್ಣು ಮುಚ್ಚಿ ಎರಡು ಗಿಡ ಆರಿಸಿದರೆ ಅವೆರಡೂ ಒಂದೇ ಜಾತಿಯವಾಗುವ ಸಂಭವ ಎಷ್ಟು? 40 ಗಿಡಗಳಿಂದ 780 ಜೋಡಿ ಮಾಡಬಹುದು. ಮೊದಲ ಜಾಗದಲ್ಲಿ ಅವುಗಳ ಪೈಕಿ 666 ಜೋಡಿ ಜಾಲಿ-ಜಾಲಿ, ಅಂದರೆ ನೂರಕ್ಕೆ 85. ಎರಡನೆಯದರಲ್ಲಿ ಒಂದೇ ಜಾತಿಯ ಜೋಡಿಗಳು 80, ಅಂದರೆ ನೂರಕ್ಕೆ 10. ಸೂತ್ರ ಬರೆಯುವ ಮೊದಲು ಇದನ್ನು ಆಟವಾಗಿ ಆಡಿಸಿ. ಒಂದು ಚೀಲದಲ್ಲಿ 37 ಹುಣಸೆ ಬೀಜ ಮತ್ತು ಬೇರೆ ಮೂರು ಬಗೆಯ ಒಂದೊಂದು ಕಾಳು, ಇನ್ನೊಂದರಲ್ಲಿ ಎಂಟು ಬಗೆಯ ಕಾಳು ಐದೈದು. ಇಪ್ಪತ್ತು ಸಲ ಕೈಹಾಕಿ ಎರಡೆರಡು ತೆಗೆಯುವಷ್ಟರಲ್ಲಿ ‘ಹಸಿರು’ ಎಂಬ ಒಂದೇ ಪದದ ಹಿಂದೆ ಎರಡು ಬೇರೆ ಬೇರೆ ನೆಲಗಳಿವೆ ಎಂದು ಹಿಂದಿನ ಬೆಂಚಿನವರಿಗೂ ತಿಳಿಯುತ್ತದೆ. ಗಣಿತದ ಸಂಭವನೀಯತೆ ಅಧ್ಯಾಯದೊಂದಿಗೆ ಹೊಂದಿಸಿದರೆ ಗಣಿತ ಶಿಕ್ಷಕರೂ ಒಂದು ಅವಧಿ ಬಿಟ್ಟುಕೊಡುತ್ತಾರೆ.

ಇಲ್ಲೊಂದು ತೊಡಕಿದೆ. ನಮಗೂ ಮಕ್ಕಳಿಗೂ ಬಿಡುವು ಸಿಗುವುದು ಏಪ್ರಿಲ್, ಮೇ ತಿಂಗಳಲ್ಲಿ. ರಾಯಚೂರಿನ ಮೇ ತಿಂಗಳ ಬಿಸಿಲನ್ನು ಈ ಪತ್ರಿಕೆಯ ಓದುಗರಿಗೆ ವರ್ಣಿಸಬೇಕಿಲ್ಲ. ಆಗ ಹೊರಗೆ ಹೋಗಿ ಎಣಿಸಿದರೆ ಎಲ್ಲ ನೆಲವೂ ಒಂದೇ: ಜಾಲಿ, ಎಕ್ಕೆ, ಉಳಿದದ್ದು ಬಟಾಬಯಲು. ಒಂದು ಮಳೆಗಾಲ ಬಾಳುವ ಗಿಡಗಳೆಲ್ಲ ಬೀಜವಾಗಿ ನೆಲದೊಳಗಿರುತ್ತವೆ. ಆದ್ದರಿಂದ ಬೇಸಿಗೆಯಲ್ಲಿ ಗಿಡ ಎಣಿಸುವ ಬದಲು ಬೀಜವನ್ನು ಎಬ್ಬಿಸಿ ಎಣಿಸಬೇಕು. ಈ ಪ್ರಯೋಗಕ್ಕೆ ಬೇಕಾದದ್ದು ಐದು ಅಗಲ ತಟ್ಟೆ, ನೆರಳು, ಹಳೆಯ ಸೊಳ್ಳೆ ಪರದೆಯ ತುಂಡು ಮತ್ತು ದಿನಕ್ಕೆರಡು ಸಲ ನೀರು ಹಾಕುವ ಒಬ್ಬ ನಂಬಿಗಸ್ತ ವಿದ್ಯಾರ್ಥಿ. ಪ್ರತಿ ಜಾಗದಲ್ಲೂ ಹತ್ತು ಕಡೆಯಿಂದ ಮೇಲಿನ ಐದು ಸೆಂಟಿಮೀಟರ್ ಮಣ್ಣು ತೆಗೆದು ಕಲಸಿ, ತಟ್ಟೆಯಲ್ಲಿ ಎರಡು ಮೂರು ಸೆಂಟಿಮೀಟರ್ ದಪ್ಪ ಹರಡಬೇಕು. ಒಂದನೆಯದು ಬೀಳು ಹೊಲದ ಎರಿ ಮಣ್ಣು. ಎರಡನೆಯದು ಜಾಲಿ ಬುಡದ ಮಣ್ಣು. ಮೂರನೆಯದು ಇಟ್ಟಿಗೆ ಘಟಕದಿಂದ ತಂದ ಬರಿ ಬೂದಿ. ನಾಲ್ಕನೆಯದು ಅದೇ ಬೂದಿಯ ಮೇಲೆ ಒಂದು ಬೆರಳು ದಪ್ಪ ಎರಿ ಮಣ್ಣು. ಐದನೆಯದು ಬಾಣಲೆಯಲ್ಲಿ ಚೆನ್ನಾಗಿ ಹುರಿದ ಮರಳು. ಈ ಕೊನೆಯದನ್ನು ಬಿಟ್ಟರೆ ಪ್ರಯೋಗವೇ ಇಲ್ಲ: ಗಾಳಿಗೆ ಹಾರಿಬಂದ ಬೀಜ ಯಾವುದು, ಮಣ್ಣಲ್ಲೇ ಇದ್ದದ್ದು ಯಾವುದು ಎಂದು ಅದೇ ಹೇಳುವುದು. ಬೂದಿಯನ್ನು ಒದ್ದೆ ಮಾಡಿಯೇ ಮುಟ್ಟಬೇಕು, ಮೂಗಿಗೆ ಬಟ್ಟೆ ಕಟ್ಟಬೇಕು, ಕೈ ತೊಳೆಯಬೇಕು. ಅದರಲ್ಲಿ ಬೆಳೆದ ಯಾವುದನ್ನೂ ತಿನ್ನಬಾರದು.

ನಾವು ಹೀಗೆ ಇಟ್ಟಾಗ ಎರಿ ಮಣ್ಣಿನ ತಟ್ಟೆ ಮೊದಲ ವಾರದಲ್ಲೇ ಹಸಿರಾಯಿತು, ಬೂದಿ ತಟ್ಟೆ ಕೊನೆಯವರೆಗೂ ಬರಿದಾಗಿಯೇ ಇತ್ತು. ಅದು ನಿರೀಕ್ಷಿಸಿದ್ದೇ. ಎಲ್ಲರೂ ಸುತ್ತುಗಟ್ಟಿ ನಿಂತು ನೋಡಿದ್ದು ನಾಲ್ಕನೆಯದನ್ನು. ಒಂದು ಬೆರಳು ಮಣ್ಣಿನಿಂದ ಬಂದ ಸಸಿಗಳ ಬೇರು ಅಡಿಯ ಬೂದಿಯೊಳಕ್ಕೆ ಇಳಿದಿತ್ತು. ಮೇಲ್ಮಣ್ಣನ್ನು ಕಾದಿಡಬೇಕು ಎಂದು ಗಣಿ ನಿಯಮಗಳು ಏಕೆ ಒತ್ತಿ ಹೇಳುತ್ತವೆ ಎಂದು ಬಿಡಿಸಿ ಹೇಳುವ ಕೆಲಸ ಆಮೇಲೆ ಉಳಿಯಲಿಲ್ಲ.

ತಟ್ಟೆಯ ಮಾತನ್ನು ಪೂರ್ತಿ ನಂಬುವಂತಿಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಜಾಲಿ ಬೀಜದ ಸಿಪ್ಪೆ ಬಲು ಗಟ್ಟಿ. ಮೇಕೆಯ ಹೊಟ್ಟೆಯನ್ನು ಹಾಯ್ದು ಬಂದರೆ ಸುಲಭವಾಗಿ ಮೊಳೆಯುತ್ತದೆ, ಇಲ್ಲದಿದ್ದರೆ ತಟ್ಟೆಯಲ್ಲಿದ್ದರೂ ಏಳದೆ ಇರಬಹುದು. ಹಕ್ಕರಿಕಿಯಂಥದ್ದು ಹಿಂಗಾರಿನ ಸೊಪ್ಪು. ಮೇ ತಿಂಗಳಲ್ಲಿ ಬರಲಿಲ್ಲವೆಂದರೆ ಬೀಜವೇ ಇಲ್ಲ ಎಂದಲ್ಲ, ಅದರ ತಂಪು ಇನ್ನೂ ಬಂದಿಲ್ಲ ಎಂದಿರಬಹುದು. ಈ ಎರಡು ಮಾತುಗಳ ಚರ್ಚೆಯಲ್ಲಿ ಮಕ್ಕಳು ಕಲಿಯುವ ವಿಜ್ಞಾನ, ‘ವಿಜ್ಞಾನದ ವಿಧಾನಗಳು’ ಎಂಬ ತಲೆಬರಹದಡಿ ನಾವು ಬರೆಸುವ ಐದು ಅಂಶಗಳಿಗಿಂತ ಹೆಚ್ಚು.

ಕ್ಷೋಭೆ ಎಂದರೆ ಹೊಗೆ, ಬೂದಿ ಮಾತ್ರ ಎಂದು ತಿಳಿಯದಿರಲು ಮಾನ್ವಿಯ ಉದಾಹರಣೆಯನ್ನೂ ಜೊತೆಗಿಡುವುದು ಒಳ್ಳೆಯದು. ತುಂಗಭದ್ರಾ ಎಡದಂಡೆ ಕಾಲುವೆಯನ್ನು ಯೋಜಿಸಿದಾಗ ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆಗಳೇ ಮುಖ್ಯವಾಗಿದ್ದವು. ಬಂದದ್ದು ಭತ್ತ. ನಿಂತ ನೀರು ಅಡಿಯ ಉಪ್ಪನ್ನು ಮೇಲಕ್ಕೆಳೆದು ನೆಲ ಸವಳಾಯಿತು, ಕಾಲುವೆಯ ಕೊನೆ ಭಾಗಕ್ಕೆ ನೀರೇ ಮುಟ್ಟದಾಯಿತು. ಒಂದೇ ಕಾಲುವೆಯಲ್ಲಿ ಒಂದು ಕಡೆ ಹೆಚ್ಚಾಗಿ, ಇನ್ನೊಂದು ಕಡೆ ಕಡಿಮೆಯಾಗಿ ಕೆಟ್ಟಿತು. ಇಲ್ಲಿ ಗಿಡ ನೆಟ್ಟರೆ ಸಾಲದು. ನೆಲದಡಿ ಕೊಳವೆ ಹೂಡಿ ಉಪ್ಪುನೀರನ್ನು ಬಸಿಯಬೇಕು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಬಹುಕಾಲದಿಂದ ಇದರ ಮೇಲೆ ಕೆಲಸ ಮಾಡುತ್ತಿದೆ. ಕೆಡಿಸಿದ್ದು ಯಾವುದೋ ಮದ್ದು ಅದಕ್ಕೆ ತಕ್ಕಂತೆ ಎಂಬುದನ್ನು ತೋರಿಸಲು ಇಷ್ಟು ಸಾಕು.

ಇನ್ನು ಬಿಲ್ಲಿನ ಲೆಕ್ಕವನ್ನು ಮೊದಲೇ ಇಡಬೇಕೆಂದದ್ದು ಏಕೆಂದರೆ, ಈ ಪಾಠ ಎಲ್ಲಿ ನಡೆದರೂ ಒಂದು ಗಳಿಗೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: “ಹಂಗಾದ್ರ ಪ್ಲಾಂಟ್ ಬಂದ್ ಮಾಡಬೇಕೇನ್ರಿ?” ಕೇಳಿದ ಹುಡುಗಿಯ ಅಪ್ಪ ಅಲ್ಲೇ ಗುತ್ತಿಗೆ ಕೆಲಸದಲ್ಲಿರಬಹುದು, ಪಕ್ಕದವನ ಮನೆಯವರು ಬೂದಿ ಇಟ್ಟಿಗೆ ಮಾಡುತ್ತಿರಬಹುದು, ಮೂರನೆಯವನ ಅಜ್ಜಿಗೆ ಬೂದಿ ಗಾಳಿಗೆ ಕೆಮ್ಮು ಇರಬಹುದು. ಆಗ ಶಿಕ್ಷಕಿ ತೀರ್ಪು ಕೊಟ್ಟರೆ ಒಂದಲ್ಲ ಒಂದು ಮನೆ ತರಗತಿಯಿಂದ ಹೊರಗೆ ನಿಲ್ಲುತ್ತದೆ. ಪ್ರಶ್ನೆಯನ್ನು ಮುಚ್ಚಿಹಾಕುವುದು ಅದಕ್ಕಿಂತಲೂ ಕೆಟ್ಟದ್ದು, ಏಕೆಂದರೆ ಮಕ್ಕಳಿಗೆ ಉತ್ತರಕ್ಕಿಂತ ಮೊದಲು ನಮ್ಮ ಹಿಂಜರಿಕೆ ಕಾಣುತ್ತದೆ. ನಾನು ಅನುಸರಿಸುವ ದಾರಿ ಇದು: ಕಪ್ಪುಹಲಗೆಯ ಮೇಲೆ ಎಲ್ಲರ ಯೂನಿಟ್ಟುಗಳನ್ನು ಕೂಡಿಸಿ, ತರಗತಿಯ ಒಟ್ಟು ಬೂದಿ ಬರೆದು, ನನ್ನ ಮನೆಯದನ್ನೂ ಸೇರಿಸುವುದು. ನಂತರ ಈ ಬೂದಿ ಎಲ್ಲಿ ಹೋಗಬೇಕು, ಕುಳಿತ ಬೂದಿಯ ಮೇಲೆ ಏನು ಬರಬೇಕು, ಬಂದಿದೆಯೇ ಎಂದು ಯಾರು ಎಣಿಸಬೇಕು ಎಂಬ ಮೂರು ಪ್ರಶ್ನೆಗಳನ್ನು ಗುಂಪುಗಳಿಗೆ ಹಂಚುವುದು. ವಾದ ಜೋರಾಗುತ್ತದೆ, ಆಗಲಿ.

ಪಾಠ ಯೋಜನೆಯ ಮಟ್ಟಿಗೆ ಹೇಳುವುದಾದರೆ, 10ನೇ ತರಗತಿಯ ‘ನಮ್ಮ ಪರಿಸರ’ ಘಟಕಕ್ಕೆ ಇದು ನೇರ ಹೊಂದುತ್ತದೆ; ಐದು ಇ ಮಾದರಿಯಲ್ಲಿ ಬಿಲ್ಲಿನ ಲೆಕ್ಕ ತೊಡಗಿಸುವಿಕೆಗೆ, ತಟ್ಟೆ ಮತ್ತು ಚೌಕ ಅನ್ವೇಷಣೆಗೆ. ಮೌಲ್ಯಮಾಪನಕ್ಕೆ ಜೂನ್ 5ರ ಸಸಿ ನೆಡುವ ಕಾರ್ಯಕ್ರಮವನ್ನೇ ಬಳಸಿಕೊಳ್ಳಬಹುದು: ಕಳೆದ ವರ್ಷ ನೆಟ್ಟವುಗಳಲ್ಲಿ ಎಷ್ಟು ಬದುಕಿವೆ, ಎಷ್ಟು ಜಾತಿ, ಬುಡದಲ್ಲಿ ತಾನಾಗಿ ಬಂದದ್ದು ಏನೇನು ಎಂಬ ಒಂದು ಪುಟದ ವರದಿ. ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯಾಗಿ ಇದನ್ನು ದಾಖಲಿಸಲು ಯಾವ ಅಡ್ಡಿಯೂ ಇಲ್ಲ.

ಒಂದು ಬೇಸಿಗೆಯ ಎಣಿಕೆಯಿಂದ ಚೇತರಿಕೆ ತಿಳಿಯುವುದಿಲ್ಲ. ಅದೇ ಹಗ್ಗ, ಅದೇ ಗೂಟ, ಆಗಸ್ಟಿನಲ್ಲಿ ಒಮ್ಮೆ, ಜನವರಿಯಲ್ಲಿ ಒಮ್ಮೆ, ಮುಂದಿನ ವರ್ಷ ಮತ್ತೆ. ಇಂಟರ್ನ್‌ಶಿಪ್ ಮುಗಿಸಿ ನಾವು ಹೊರಟುಹೋಗುತ್ತೇವೆ, ಮಕ್ಕಳೂ ಮುಂದಿನ ತರಗತಿಗೆ ಹೋಗುತ್ತಾರೆ. ಆದ್ದರಿಂದ ಎಣಿಕೆಯನ್ನು ಬಿಡಿ ಹಾಳೆಯಲ್ಲಿ ಬರೆಯದೆ ರಟ್ಟು ಹಾಕಿದ ರಿಜಿಸ್ಟರಿನಲ್ಲಿ ಬರೆದು ಶಾಲೆಯ ವಿಜ್ಞಾನ ಶಿಕ್ಷಕರಿಗೆ ಒಪ್ಪಿಸಬೇಕು. ಮೊದಲ ಪುಟದಲ್ಲಿ ಗೂಟಗಳ ನಕ್ಷೆ, ಎರಡನೆಯದರಲ್ಲಿ ಅಜ್ಜಿಯರು ಹೇಳಿದ ಹೆಸರುಗಳ ಪಟ್ಟಿ, ಹೆಸರು ಸಿಗದ ಸಸಿಗೆ ಬರಿ ಸಂಖ್ಯೆ. ನಮ್ಮ ರಿಜಿಸ್ಟರಿನ 11ನೇ ಸಂಖ್ಯೆಯ ಸಸಿ ಈಗ ಶಾಲೆಯ ಕಿಟಕಿಯಲ್ಲಿ ಎಣ್ಣೆ ಡಬ್ಬಿಯೊಂದರಲ್ಲಿದೆ. ಅದು ಹೂಬಿಟ್ಟ ದಿನ ಮುಂದಿನ ತಂಡದವರು ಅದರ ಹೆಸರನ್ನು ಬರೆದುಕೊಳ್ಳಬೇಕು.